ಇಂಡಿಕೇಟರ್ ಟಿಕಟಿಕ ಜೋರಾಯ್ತಾ? ಬಲ್ಬಿನ ಜೊತೆ ಹೋಲ್ಡರನ್ನೂ ನೋಡಿ

ಪ್ರಶ್ನೆ: ನನ್ನದು 2014ರ ಮಾಡೆಲ್ಲಿನ ಸಣ್ಣ ಪೆಟ್ರೋಲ್ ಕಾರು. ಮಂಡ್ಯ ಪಕ್ಕದ ಹಳ್ಳಿಯಿಂದ ದಿನಾ ಮೈಸೂರಿಗೆ ಕೆಲಸಕ್ಕೆ ಓಡಾಡುತ್ತೇನೆ. ಈಚೆಗೆ ಎಡಗಡೆ ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಶಬ್ದ ಎರಡರಷ್ಟು ಜೋರಾಗಿ ಓಡುತ್ತಿದೆ. ಬಲಗಡೆ ಸರಿಯಾಗಿದೆ. ಒಬ್ಬ ಮೆಕ್ಯಾನಿಕ್ ಇಂಡಿಕೇಟರ್ ಮಿನುಗಿಸುವ ಫ್ಲ್ಯಾಶರ್ ಹೋಗಿದೆ ಅಂದರು. ಇನ್ನೊಬ್ಬರು ಹಿಂದಿನ ಲೈಟಿನ ಡೂಮ್ ಪೂರ್ತಿ ಹೊಸದು ಹಾಕಿಸಿ ಅಂದರು. ಹೋದ ಮಳೆಗಾಲದಲ್ಲಿ ಹಿಂದಿನ ಎಡಗಡೆ ಬಲ್ಬು ಒಮ್ಮೆ ಬದಲಾಯಿಸಿದ್ದೆ. ಈಗ ಮನೆಯಲ್ಲಿ ನಾನೇ ಬದಲಾಯಿಸಬಹುದಾ? ಎಲ್‌ಇಡಿ ಬಲ್ಬು ಹಾಕಿಬಿಟ್ಟರೆ ಈ ತಲೆನೋವು ತಪ್ಪುತ್ತಾ?

ಉತ್ತರ: ಮೊದಲು ಫ್ಲ್ಯಾಶರ್ ವಿಷಯ ಮುಗಿಸಿಬಿಡೋಣ. ನಿಮ್ಮ ಫ್ಲ್ಯಾಶರ್ ಚೆನ್ನಾಗಿದೆ. ಎಡಕ್ಕೂ ಬಲಕ್ಕೂ ಇರುವುದು ಒಂದೇ ಫ್ಲ್ಯಾಶರ್. ಅದು ಕೆಟ್ಟಿದ್ದರೆ ಬಲಗಡೆಯೂ ತಕರಾರು ಮಾಡುತ್ತಿತ್ತು ಅಲ್ವಾ? ಒಂದು ಕಡೆ ಸರಿ, ಇನ್ನೊಂದು ಕಡೆ ಜೋರು ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಈ ಬದಿಯಲ್ಲಿ ಒಂದು ಬಲ್ಬು ಉರಿಯುತ್ತಿಲ್ಲ, ಇಳಿದು ನೋಡಿ ಅಂತ ಹೇಳುತ್ತಿದೆ, ಅಷ್ಟೇ.

ಅದಕ್ಕೆ ಹೇಗೆ ಗೊತ್ತಾಗುತ್ತೆ ಅಂದರೆ, ಕರೆಂಟಿನ ಲೆಕ್ಕದಿಂದ. ನಿಮ್ಮಂಥ ಕಾರಿನಲ್ಲಿ ಸಾಮಾನ್ಯವಾಗಿ ಒಂದು ಬದಿಗೆ ಮೂರು ಬಲ್ಬು. ಮುಂದೆ 21 ವಾಟಿನದೊಂದು, ಹಿಂದೆ 21 ವಾಟಿನದೊಂದು, ಫೆಂಡರ್ ಮೇಲೋ ಕನ್ನಡಿಯಲ್ಲೋ 5 ವಾಟಿನ ಚಿಕ್ಕದೊಂದು. ಒಟ್ಟು 47 ವಾಟ್. 12 ವೋಲ್ಟಿಗೆ ಭಾಗಿಸಿದರೆ ಹತ್ತಿರ ಹತ್ತಿರ 4 ಆಂಪ್. ದೊಡ್ಡ ಬಲ್ಬು ಒಂದು ಹೋಯಿತು ಅನ್ನಿ, ಉಳಿಯುವುದು 26 ವಾಟ್, ಅಂದರೆ 2 ಆಂಪ್ ಚಿಲ್ಲರೆ. ಫ್ಲ್ಯಾಶರಿನ ಸರ್ಕ್ಯೂಟ್ ಇದನ್ನು ಅಳೆಯುತ್ತಲೇ ಇರುತ್ತದೆ. ಕರೆಂಟು ಅರ್ಧಕ್ಕೆ ಇಳಿದ ಕೂಡಲೇ ವೇಗ ಏರಿಸುತ್ತದೆ. ಕೆಲವು ಕಾರುಗಳಲ್ಲಿ ಫ್ಲ್ಯಾಶರ್ ಅಂತ ಬೇರೆ ಡಬ್ಬಿಯೇ ಇರುವುದಿಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಎಲೆಕ್ಟ್ರಾನಿಕ್ ಡಬ್ಬಿಯ ಒಳಗೇ ಈ ಕೆಲಸವೂ ಸೇರಿರುತ್ತದೆ. ಬುದ್ಧಿ ಮಾತ್ರ ಅದೇ. ಹಳೇ ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಉಲ್ಟಾ ಇತ್ತು. ಆಗಿನ ಫ್ಲ್ಯಾಶರಿನಲ್ಲಿ ಕಾದು ಬಾಗುವ ಒಂದು ಲೋಹದ ಪಟ್ಟಿ. ಬಲ್ಬು ಹೋದರೆ ಪಟ್ಟಿ ಬೇಗ ಕಾಯುತ್ತಿರಲಿಲ್ಲ. ಇಂಡಿಕೇಟರ್ ನಿಧಾನವಾಗುತ್ತಿತ್ತು, ಇಲ್ಲವೇ ಮಿನುಗದೆ ಸುಮ್ನೆ ಉರಿಯುತ್ತಾ ನಿಲ್ಲುತ್ತಿತ್ತು.

ಇಲ್ಲೊಂದು ಸಂಗತಿ ಗಮನಿಸಿ. ಚಿಕ್ಕ 5 ವಾಟಿನ ಬಲ್ಬು ಹೋದರೆ ಬಹಳಷ್ಟು ಕಾರುಗಳಲ್ಲಿ ಟಿಕಟಿಕ ಜೋರಾಗುವುದಿಲ್ಲ. ಕರೆಂಟಿನಲ್ಲಿ ಅಷ್ಟು ವ್ಯತ್ಯಾಸ ಬೀಳುವುದಿಲ್ಲವಲ್ಲ. ಹಾಗಾಗಿ ಪಕ್ಕದ ಬಲ್ಬು ಯಾವಾಗ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಕಣ್ಣಲ್ಲೇ ನೋಡಬೇಕು.

ಈಗ ಯಾವುದು ಉರಿಯುತ್ತಿಲ್ಲ ಅಂತ ಹುಡುಕಿ. ಹೋದ ಸಲ ಹಿಂದಿನದು ಹೋಗಿತ್ತು, ಈ ಸಲವೂ ಅದೇ ಇರಬೇಕು ಅಂದುಕೊಂಡು ನೇರ ಡಿಕ್ಕಿಗೆ ಕೈ ಹಾಕಬೇಡಿ. ಸಂಜೆ ಬೆಳಕು ಇಳಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಎಡ ಇಂಡಿಕೇಟರ್ ಹಾಕಿ, ಇಳಿದು ಒಂದು ಸುತ್ತು ಬನ್ನಿ. ಬಿಸಿಲಲ್ಲಿ ನೋಡಿದರೆ ಮಂಕಾಗಿ ಉರಿಯುವುದು ತಿಳಿಯುವುದಿಲ್ಲ. ಮಂಕಾಗಿ ಉರಿಯುವ ಬಲ್ಬು ಅಂದರೆ ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. ಎಡಗಡೆಯ ಮೂರೂ ಸತ್ತಿದ್ದರೆ ತೊಂದರೆ ಬಲ್ಬಿನದಲ್ಲ, ವೈರಿನದೋ ಸ್ವಿಚ್ಚಿನದೋ. ಎರಡೂ ಬದಿ ಸತ್ತು, ಎಲ್ಲ ಇಂಡಿಕೇಟರನ್ನೂ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಮಾತ್ರ ಸರಿಯಾಗಿ ಮಿನುಗಿದರೆ ಮೊದಲು ಫ್ಯೂಸ್ ನೋಡಿ. ಯಾವ ಫ್ಯೂಸ್ ಯಾವುದಕ್ಕೆ ಅಂತ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಅಥವಾ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಹಿಂದಿನದೇ ಉರಿಯುತ್ತಿಲ್ಲ ಅಂತಿಟ್ಟುಕೊಳ್ಳೋಣ. ಮನೆಯಲ್ಲಿ ಮಾಡಬಹುದಾ ಅಂದಿರಿ. ಖಂಡಿತ ಮಾಡಬಹುದು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಹಳೇ ಟವೆಲ್ ಸಾಕು. ಕೀ ಆಫ್ ಮಾಡಿ, ಬಲ್ಬು ಆರಲಿ. ಡಿಕ್ಕಿ ಬಾಗಿಲು ಎತ್ತಿದರೆ ಲೈಟಿನ ಒಳಬದಿಯಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಹೆಚ್ಚಿನ ಹ್ಯಾಚ್‌ಬ್ಯಾಕುಗಳಲ್ಲಿ ಇದೇ ವ್ಯವಸ್ಥೆ. ಬಂಪರ್ ಮೇಲೆ ಟವೆಲ್ ಹಾಸಿ ಸ್ಕ್ರೂ ಬಿಚ್ಚಿ. ಆಮೇಲೂ ಡೂಮ್ ಅಲುಗಾಡುವುದಿಲ್ಲ. ಜನ ಇಲ್ಲೇ ಹೆದರುವುದು. ಹೊರಬದಿಯಲ್ಲಿ ಒಂದೋ ಎರಡೋ ಪ್ಲಾಸ್ಟಿಕ್ ಗೂಟ ಬಾಡಿಯ ತೂತಿನಲ್ಲಿ ಕಚ್ಚಿಕೊಂಡು ಕೂತಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಪೇಂಟ್ ಹೋಗುತ್ತೆ, ಗೂಟವೂ ಮುರಿಯುತ್ತೆ. ಎರಡೂ ಕೈಯಲ್ಲಿ ಹಿಡಿದು ಕಾರಿನ ಹಿಂದಕ್ಕೆ ನೇರವಾಗಿ ಎಳೆಯಿರಿ. ಪಕ್ಕಕ್ಕೆ ತಿರುಚಬಾರದು. ಟಪ್ ಅಂತ ಶಬ್ದ ಬಂದು ಡೂಮ್ ಕೈಗೆ ಬರುತ್ತದೆ. ವೈರು ಗಿಡ್ಡ ಇರುತ್ತೆ, ಜಾಸ್ತಿ ಎಳೆಯಬೇಡಿ.

ಡೂಮಿನ ಬೆನ್ನಿನಲ್ಲಿ ಎರಡು ಮೂರು ಹೋಲ್ಡರ್ ಇರುತ್ತವೆ. ಇಂಡಿಕೇಟರಿನದು ಯಾವುದು ಅಂತ ಲೆನ್ಸಿನ ಕಡೆಯಿಂದ ಲೆಕ್ಕ ಹಾಕಿಕೊಳ್ಳಿ. ಹೋಲ್ಡರ್ ಹಿಡಿದು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿದರೆ ಬಲ್ಬಿನ ಸಮೇತ ಹೊರಗೆ ಬರುತ್ತದೆ. ಬಲ್ಬನ್ನು ಒಳಕ್ಕೆ ಒತ್ತಿ, ಒತ್ತಿಕೊಂಡೇ ಎಡಕ್ಕೆ ತಿರುಗಿಸಿ, ಬಿಡಿ. ಕೆಳಗಿನ ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳುತ್ತೆ. ಒತ್ತದೆ ತಿರುಗಿಸಲು ಹೋದರೆ ಗಾಜು ತಳದಿಂದ ಕಳಚಿ ಕೈಯಲ್ಲಿ ಉಳಿಯುತ್ತದೆ. ಹಾಗಾದರೆ ವೈರಿನ ಕಪ್ಲರ್, ಅಂದರೆ ವೈರನ್ನು ಲೈಟಿಗೆ ಜೋಡಿಸುವ ಪ್ಲಗ್ ಬಿಚ್ಚಿ, ತಳವನ್ನು ಪ್ಲೈಯರಿನಲ್ಲಿ ಹಿಡಿದು ತೆಗೆಯಿರಿ. ಕೆಲವು ಕಾರುಗಳಲ್ಲಿ ತಳವೇ ಇಲ್ಲದ, ಪೂರ್ತಿ ಗಾಜಿನ ಬಲ್ಬು ಇರುತ್ತದೆ. ಅದನ್ನು ತಿರುಗಿಸುವುದು ಬೇಡ, ನೇರ ಎಳೆದರೆ ಬರುತ್ತದೆ.

ಬಲ್ಬು ಕೈಗೆ ಬಂದ ಮೇಲೆ ಅಂಗಡಿಗೆ ಓಡಬೇಡಿ. ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಬಲಗಡೆ ಡೂಮನ್ನೂ ಬಿಚ್ಚಿ, ಅಲ್ಲಿಯ ಇಂಡಿಕೇಟರ್ ಬಲ್ಬು ತಂದು ಎಡಕ್ಕೆ ಹಾಕಿ. ಎಡದ್ದನ್ನು ಬಲಕ್ಕೆ ಹಾಕಿ. ಈಗ ಎಡ ಸರಿಯಾಗಿ, ಬಲ ಜೋರಾಗಿ ಓಡಿದರೆ ತಪ್ಪು ಬಲ್ಬಿನದೇ. ಒಳ್ಳೆ ಬಲ್ಬು ಹಾಕಿದರೂ ಎಡಗಡೆ ಹಾಗೇ ಇದ್ದರೆ ಬಲ್ಬಿಗೆ ಬೈದು ಪ್ರಯೋಜನವಿಲ್ಲ. ಕಣ್ಣಿಗೆ ನೋಡಿ ಹೇಳುವುದಕ್ಕಿಂತ ಇದು ಮೇಲು. ತಂತಿ ತುಂಡಾಗಿರುವುದು ಬಿಳಿ ಗಾಜಿನಲ್ಲಿ ಕಾಣುತ್ತೆ, ಕಿತ್ತಳೆ ಬಣ್ಣದ ಗಾಜಿನಲ್ಲಿ ಸುಲಭಕ್ಕೆ ಕಾಣುವುದಿಲ್ಲ.

ನನಗೆ ಅನುಮಾನ ಇರುವುದು ನಿಮ್ಮ ಹೋಲ್ಡರಿನ ಮೇಲೆ. ಈ ಸಲವೂ ಹಿಂದಿನದೇ ಆದರೆ, ಒಂದೇ ಜಾಗದ ಬಲ್ಬು ವರ್ಷದೊಳಗೆ ಎರಡನೇ ಸಲ ಕೈಕೊಡುತ್ತಿದೆ, ಮೊದಲನೆಯದು ಮಳೆಗಾಲದಲ್ಲಿ ಹೋಗಿದೆ. ಮೈಸೂರಿನ ನಮ್ಮ ಶೆಡ್ಡಿಗೆ ಇಂಥ ಕಾರುಗಳು ಬಂದಾಗ ಹೋಲ್ಡರ್ ಬಿಚ್ಚಿದರೆ ಕಾಣುವ ನೋಟ ಹೆಚ್ಚು ಕಡಿಮೆ ಒಂದೇ. ತಳದ ಹಿತ್ತಾಳೆ ಚುಕ್ಕಿಯ ಸುತ್ತ ಹಸಿರು ಪುಡಿ. ಬದಿಯ ತಗಡಿನಲ್ಲಿ ಕಂದು ತುಕ್ಕು. ಕೆಲವೊಮ್ಮೆ ಪ್ಲಾಸ್ಟಿಕ್ ಒಂದು ಕಡೆ ಕಂದಿ, ಉಬ್ಬಿ ನಿಂತಿರುತ್ತದೆ. ತುಕ್ಕು ಹಿಡಿದ ಜಾಗದಲ್ಲಿ ಕರೆಂಟು ಸಲೀಸಾಗಿ ದಾಟುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ. ಬಿಸಿಗೆ ಸ್ಪ್ರಿಂಗಿನ ಬಿಗಿ ಹೋಗುತ್ತದೆ. ಬಿಗಿ ಇಲ್ಲದ ಬಲ್ಬು ರಸ್ತೆಯ ಪ್ರತಿ ಉಬ್ಬಿಗೂ ಕುಣಿಯುತ್ತದೆ, ಒಳಗಿನ ತಂತಿ ತುಂಡಾಗುತ್ತದೆ. ನೀವು ಹೊಸ ಬಲ್ಬು ಹಾಕುತ್ತೀರಿ, ಅದೂ ಅದೇ ದಾರಿ ಹಿಡಿಯುತ್ತದೆ.

ನೀರು ಎಲ್ಲಿಂದ ಬರುತ್ತೆ ಅಂತಲೂ ನೋಡಿ. ಡೂಮಿಗೂ ಬಾಡಿಗೂ ನಡುವೆ ಒಂದು ಸ್ಪಂಜಿನ ಪಟ್ಟಿ ಇರುತ್ತದೆ. ಹೋದ ಸಲ ಬಲ್ಬು ಹಾಕುವಾಗ ಅದು ಮಡಚಿಕೊಂಡಿದ್ದರೆ, ಹರಿದಿದ್ದರೆ ಅಲ್ಲಿಂದ ನೀರು ಇಳಿಯುತ್ತೆ. ಲೆನ್ಸಿನ ಮೂಲೆಯಲ್ಲಿ ಕೂದಲೆಳೆ ಬಿರುಕಿದ್ದರೂ ಅಷ್ಟೇ. ಒಳಗೆ ಬೆವರಿದ ಹಾಗೆ ಹನಿ ಕಟ್ಟಿದ್ದರೆ ಡೂಮ್ ಬಿಚ್ಚಿದಾಗಲೇ ಒರೆಸಿ, ನೆರಳಲ್ಲಿ ಒಣಗಿಸಿ.

ಹೋಲ್ಡರ್ ತುಕ್ಕು ಕಡಿಮೆ ಇದ್ದರೆ ಕಪ್ಲರ್ ಬಿಚ್ಚಿಟ್ಟು, ನಯವಾದ ಎಮರಿ ಪೇಪರನ್ನು ಪೆನ್ಸಿಲ್ಲಿಗೆ ಸುತ್ತಿ ಒಳಗೆ ತಿಕ್ಕಿ. ಹಿತ್ತಾಳೆ ಹೊಳೆಯಬೇಕು. ಪುಡಿ ಊದಿ ತೆಗೆಯಿರಿ, ಕಾಂಟ್ಯಾಕ್ಟ್ ಕ್ಲೀನರ್ ಇದ್ದರೆ ಹೊಡೆಯಿರಿ. ಬದಿಯ ತಗಡು ಸಡಿಲವಾಗಿದ್ದರೆ ಸ್ವಲ್ಪವೇ ಒಳಕ್ಕೆ ಬಗ್ಗಿಸಿ. ಕೊನೆಗೆ ಬಲ್ಬಿನ ತಳಕ್ಕೆ ಅಕ್ಕಿಕಾಳಿನಷ್ಟು ಡೈಎಲೆಕ್ಟ್ರಿಕ್ ಗ್ರೀಸ್, ಅಂದರೆ ವಿದ್ಯುತ್ ಜೋಡಣೆಗೆಂದೇ ಬರುವ ಗ್ರೀಸ್ ಸವರಿ, ತೇವ ಕೂರುವುದಿಲ್ಲ. ವೀಲ್ ಬೇರಿಂಗಿಗೆ ಹಾಕುವ ಗ್ರೀಸ್ ಮಾತ್ರ ಬೇಡ. ಪ್ಲಾಸ್ಟಿಕ್ ಕರಗಿದ್ದರೆ ಹೋಲ್ಡರ್ ಬದಲಾಯಿಸುವುದೇ ಸರಿ. ಬಹಳ ಕಾರುಗಳಿಗೆ ಹೋಲ್ಡರ್ ಒಂದೇ ಬಿಡಿಯಾಗಿ ಸಿಗುತ್ತದೆ, ಅದಕ್ಕಾಗಿ ಡೂಮ್ ಪೂರ್ತಿ ತರಬೇಕಾಗಿಲ್ಲ. ಲೆನ್ಸ್ ಒಡೆದಿದ್ದರೆ, ಗೂಟ ಮುರಿದಿದ್ದರೆ ಆಗ ಡೂಮ್ ಅನ್ನಿ, ಒಪ್ಪುತ್ತೇನೆ.

ಮಂಕಾಗಿ ಉರಿಯುವ ಬಲ್ಬಿನ ಕಥೆ ಇದು. ಹಿಂದಿನ ಡೂಮಿನ ಎಲ್ಲ ಬಲ್ಬಿಗೂ ಸಾಮಾನ್ಯವಾಗಿ ಒಂದೇ ಅರ್ತ್ ವೈರು, ಹೆಚ್ಚಾಗಿ ಕಪ್ಪು. ಅದು ಬಾಡಿಗೆ ಸೇರುವ ಜಾಗದಲ್ಲಿ ತುಕ್ಕು ಹಿಡಿದರೆ ವಿಚಿತ್ರಗಳು ಶುರುವಾಗುತ್ತವೆ. ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟೂ ಜೊತೆಗೆ ಮಿನುಗುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರಿನಲ್ಲಿ ಮಂದ ಬೆಳಕು ಕಾಣುತ್ತದೆ. ತೂಬು ಕಟ್ಟಿಕೊಂಡರೆ ನಾಲೆ ನೀರು ಪಕ್ಕದ ಗದ್ದೆಗೆ ನುಗ್ಗುವುದಿಲ್ಲವೇ, ಹಾಗೆ ಕರೆಂಟು ತನ್ನ ದಾರಿ ಬಿಟ್ಟು ಪಕ್ಕದ ಬಲ್ಬಿನ ತಂತಿಯಲ್ಲಿ ನುಸುಳಿ ಹೋಗುತ್ತದೆ. ಇಂಥ ಚಿಹ್ನೆ ಕಂಡರೆ ಬಲ್ಬು ಮುಟ್ಟಬೇಡಿ. ಅರ್ತ್ ಬೋಲ್ಟ್ ಬಿಚ್ಚಿ, ಅದರಡಿಯ ತಗಡು ಹೊಳೆಯುವ ಹಾಗೆ ತಿಕ್ಕಿ, ಬಿಗಿ ಮಾಡಿ. ಎಷ್ಟೋ ಕಾರು ಅಷ್ಟಕ್ಕೇ ಸರಿಹೋಗುತ್ತವೆ.

ಬಲ್ಬೇ ಹೋಗಿದ್ದರೆ ಹಳೇದನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಬಾಯಲ್ಲಿ ಇಂಡಿಕೇಟರ್ ಬಲ್ಬು ಕೊಡಿ ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ತಳದ ಮೇಲೆ ಇಂಗ್ಲಿಷಿನಲ್ಲಿ ನಂಬರ್ ಕೊರೆದಿರುತ್ತದೆ. ಪಿ21ಡಬ್ಲ್ಯು ಅಂದರೆ ಬಿಳಿ ಗಾಜು, ಬದಿಯ ಎರಡು ಪಿನ್ನು ಎದುರುಬದುರು. ಪಿವೈ21ಡಬ್ಲ್ಯು ಅಂದರೆ ಕಿತ್ತಳೆ ಗಾಜು, ಪಿನ್ನುಗಳು ನೇರ ಎದುರಿಗಿಲ್ಲ, ಸ್ವಲ್ಪ ಓರೆ. ಪಿ21/5ಡಬ್ಲ್ಯು ಅಂದರೆ ಎರಡು ತಂತಿಯ ಬಲ್ಬು, ಪಿನ್ನು ಒಂದು ಮೇಲೆ ಒಂದು ಕೆಳಗೆ, ತಳದಲ್ಲಿ ಎರಡು ಚುಕ್ಕಿ. ಅದು ಬ್ರೇಕಿಗೂ ಪಾರ್ಕ್ ಲೈಟಿಗೂ ಸೇರಿದ್ದು, ಅಂಗಡಿಯಲ್ಲಿ ಡಬಲ್ ಕಾಂಟ್ಯಾಕ್ಟ್ ಅನ್ನುತ್ತಾರೆ.

ಪಿನ್ನು ಓರೆ ಇಟ್ಟಿರುವುದು ಸುಮ್ನೆ ಅಲ್ಲ. ನಿಮ್ಮ ಲೆನ್ಸ್ ಕಿತ್ತಳೆ ಬಣ್ಣದ್ದಾದರೆ ಒಳಗೆ ಬಿಳಿ ಬಲ್ಬು ಇದ್ದರಾಯಿತು. ಲೆನ್ಸ್ ಬಿಳಿಯಾಗಿದ್ದರೆ ಬಲ್ಬೇ ಕಿತ್ತಳೆ ಆಗಿರಬೇಕು. ಅಲ್ಲಿ ಬಿಳಿ ಬಲ್ಬು ಕೂರಲೇಬಾರದು ಅಂತಲೇ ಪಿನ್ನಿನ ಜಾಗ ಬದಲಿಸಿದ್ದಾರೆ. ಆದರೂ ಪಿನ್ನನ್ನು ಅರದಿಂದ ಉಜ್ಜಿ ಕೂರಿಸುವ ಪುಣ್ಯಾತ್ಮರಿದ್ದಾರೆ! ಅಗ್ಗದ ಕಿತ್ತಳೆ ಬಲ್ಬುಗಳ ಬಣ್ಣ ಬಿಸಿಗೆ ಸಿಪ್ಪೆ ಎದ್ದು ಉದುರುವುದೂ ಉಂಟು. ಆಮೇಲೆ ಅದು ಬಿಳಿ ಬೆಳಕನ್ನೇ ಮಿನುಗಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೇ ನಿಯಮ ಇಂಡಿಕೇಟರ್ ಬೆಳಕು ಕಿತ್ತಳೆ ಇರಬೇಕು, ನಿಮಿಷಕ್ಕೆ 60ಕ್ಕೆ ಕಡಿಮೆ ಇಲ್ಲದೆ 120ಕ್ಕೆ ಮೀರದೆ ಮಿನುಗಬೇಕು ಅನ್ನುತ್ತದೆ. ಬೆಲೆ ದೊಡ್ಡದೇನಲ್ಲ. ಒಳ್ಳೆ ಕಂಪನಿಯದನ್ನೇ ತನ್ನಿ, ಎರಡು ತಂದು ಬಲಗಡೆಯದನ್ನೂ ಬದಲಾಯಿಸಿ. ಎರಡೂ ಒಂದೇ ವಯಸ್ಸಿನವಾದರೆ ಬೆಳಕೂ ಒಂದೇ ಸಮ ಇರುತ್ತದೆ.

ಹೊಸ ಬಲ್ಬು ಒತ್ತಿ ಬಲಕ್ಕೆ ತಿರುಗಿಸಿ. ಗಾಜನ್ನು ಬಟ್ಟೆಯಲ್ಲಿ ಹಿಡಿದರೆ ಒಳ್ಳೆಯದು, ಬೆರಳು ತಾಕಿದರೂ ಗಾಬರಿ ಬೇಡ, ಒರೆಸಿಬಿಡಿ. ಮುಟ್ಟಲೇಬಾರದು ಅನ್ನುವುದು ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬಿಗೆ. ಡೂಮ್ ಕೂರಿಸುವ ಮೊದಲೇ ಇಂಡಿಕೇಟರ್, ಬ್ರೇಕ್, ಪಾರ್ಕ್, ರಿವರ್ಸ್ ಎಲ್ಲ ಒಮ್ಮೆ ಹಾಕಿ ನೋಡಿ. ಆಮೇಲೆ ಗೂಟಗಳನ್ನು ತೂತಿಗೆ ಸರಿಯಾಗಿ ಹೊಂದಿಸಿ ಅಂಗೈಯಿಂದ ಗುದ್ದಿ, ಸ್ಕ್ರೂ ಹಾಕಿ. ಸ್ಕ್ರೂ ಅತಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ಬಿರಿಯುತ್ತೆ.

ಮುಂದಿನ ಬಲ್ಬಾದರೆ ಕೆಲಸ ಅದೇ, ಜಾಗ ಮಾತ್ರ ಇಕ್ಕಟ್ಟು. ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂದೆ ಕೈ ಹಾಕಬೇಕು. ಕೆಲವು ಕಾರಿನಲ್ಲಿ ಬ್ಯಾಟರಿಯೋ ಏರ್ ಫಿಲ್ಟರ್ ಡಬ್ಬಿಯೋ ಅಡ್ಡ ಬರುತ್ತದೆ. ಇನ್ನು ಕೆಲವಕ್ಕೆ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕಡೆಯಿಂದ ದಾರಿ. ಆಗ ಎಡಗಡೆ ಬಲ್ಬಿಗೆ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಎಂಜಿನ್ ಬಿಸಿ ಇರುವಾಗ ಮಾತ್ರ ಬೇಡ. ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನೇ ತಿರುಗಬಹುದು. ಅಂದ ಹಾಗೆ, ಗದ್ದೆ, ಕಬ್ಬಿನ ತೋಟದ ಬದಿ ಕಾರು ನಿಲ್ಲಿಸುತ್ತೀರಾದರೆ ಕಪ್ಲರಿನ ಹಿಂದಿನ ವೈರನ್ನು ಟಾರ್ಚ್ ಹಾಕಿ ನೋಡಿ. ಕಬ್ಬು ಕಡಿದ ಮೇಲೆ ಇಲಿಗಳು ಜಾಗ ಹುಡುಕಿಕೊಂಡು ಬಾನೆಟ್ ಒಳಗೆ ಬರುವುದುಂಟು. ಹಿಕ್ಕೆ ಬಿದ್ದಿದ್ದು, ವೈರಿನ ಸಿಪ್ಪೆ ಕಚ್ಚಿ ತಾಮ್ರ ಕಾಣುತ್ತಿದ್ದರೆ ಬಲ್ಬಿನದು ಆಮೇಲಿನ ಮಾತು.

ಎಲ್‌ಇಡಿ ವಿಷಯಕ್ಕೆ ಬಂದರೆ, ನನ್ನ ಸಲಹೆ ಬೇಡ ಅಂತ. ಎಲ್‌ಇಡಿ ಎಳೆಯುವ ಕರೆಂಟು ತೀರಾ ಕಡಿಮೆ. ಫ್ಲ್ಯಾಶರ್ ಅದನ್ನು ಬಲ್ಬು ಹೋಗಿದೆ ಅಂತಲೇ ತಿಳಿಯುತ್ತದೆ. ಈಗ ಎಡಗಡೆ ಜೋರು, ಆಗ ಎರಡೂ ಕಡೆ ಜೋರು. ಅದಕ್ಕೆ ಪರಿಹಾರ ಅಂತ 6 ಓಮ್, 50 ವಾಟಿನ ರೆಸಿಸ್ಟರ್ ಮಾರುತ್ತಾರೆ. ಉಳಿದ ಕರೆಂಟನ್ನೆಲ್ಲ ಸುಮ್ನೆ ಶಾಖ ಮಾಡಿ ಸುಡುವ ಸಾಮಾನು ಅದು. ಇಂಡಿಕೇಟರ್ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಕೈ ಸುಡುವಷ್ಟು ಕಾಯುತ್ತದೆ. ವೈರಿಗೋ ಪ್ಲಾಸ್ಟಿಕ್ಕಿಗೋ ತಗುಲಿಸಿ ಕಟ್ಟಿದರೆ ಕರಗುತ್ತದೆ. ಜೊತೆಗೆ ನಿಮ್ಮ ಡೂಮಿನೊಳಗೆ ಬೆಳಕು ಪ್ರತಿಫಲಿಸುವ ಕನ್ನಡಿ ಇದೆಯಲ್ಲ, ಅದು ಸುತ್ತಲೂ ಬೆಳಕು ಚೆಲ್ಲುವ ತಂತಿಗೆ ಅಂತ ಮಾಡಿದ್ದು. ಎಲ್‌ಇಡಿ ಹಾಕಿದರೆ ಒಂದು ಕಡೆಯಿಂದ ಕಣ್ಣು ಕುಕ್ಕುತ್ತೆ, ಇನ್ನೊಂದು ಕಡೆಯಿಂದ ಕಾಣುವುದೇ ಇಲ್ಲ. ಕಂಪನಿಯಿಂದಲೇ ಎಲ್‌ಇಡಿ ಇಂಡಿಕೇಟರ್ ಬಂದಿರುವ ಕಾರುಗಳ ಮಾತು ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬದಲಾಯಿಸುವ ಬಲ್ಬೇ ಇರುವುದಿಲ್ಲ.

ನೀವು ದಿನಾ ಓಡಾಡುವ ದಾರಿಯ ಬಗ್ಗೆಯೂ ಒಂದು ಮಾತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್ ಹೋಗಿರುತ್ತೀರಿ. ಮಂಡ್ಯಕ್ಕೋ ಶ್ರೀರಂಗಪಟ್ಟಣಕ್ಕೋ ಇಳಿಯಲು ನಿಮಗೆ ಬೇಕಾಗುವುದು ಎಡ ಇಂಡಿಕೇಟರೇ, ಹಿಂದಿನವನಿಗೆ ಕಾಣುವುದು ಹಿಂದಿನ ಬಲ್ಬೇ. ಈಗ ನಿಮ್ಮ ಕಾರಿನಲ್ಲಿ ಸತ್ತಿರುವುದು ಅದೇ ಆಗಿದ್ದರೆ ನೀವು ಒಳಗೆ ಟಿಕಟಿಕ ಕೇಳಿಕೊಂಡು ತೋರಿಸಿದ್ದೇನೆ ಅಂದುಕೊಂಡಿರುತ್ತೀರಿ, ಹಿಂದಿನವನಿಗೆ ಏನೂ ಕಂಡಿರುವುದಿಲ್ಲ. ರಿಪೇರಿ ಆಗುವ ತನಕ ಬೇಗ ವೇಗ ಇಳಿಸಿ, ಬೇಗ ಎಡ ಲೇನಿಗೆ ಬನ್ನಿ. ಅದರ ಬದಲು ಹಜಾರ್ಡ್ ಹಾಕಿಕೊಂಡು ಓಡಿಸುವುದು ಬೇಡ. ಮಳೆ ಬಂದರೆ ಹಜಾರ್ಡ್, ಮೈಸೂರಿನ ಸರ್ಕಲ್ಲಿನಲ್ಲಿ ನೇರ ಹೋಗಬೇಕಾದರೆ ಹಜಾರ್ಡ್! ಪಕ್ಕದಿಂದ ನೋಡುವವನಿಗೆ ಒಂದೇ ಬದಿ ಕಾಣುತ್ತೆ, ಅವನು ನೀವು ತಿರುಗುತ್ತೀರಿ ಅಂತಲೇ ಎಣಿಸುತ್ತಾನೆ.

ಬಲ್ಬು ಹೊಸದು, ಹೋಲ್ಡರ್ ಹೊಳೆಯುತ್ತಿದೆ, ಅರ್ತ್ ಬಿಗಿ ಇದೆ, ಆದರೂ ಎಡಗಡೆ ಜೋರಾಗಿಯೇ ಓಡುತ್ತಿದ್ದರೆ ಆಗ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಇಂಡಿಕೇಟರ್ ಜೋರಾಗಿದೆ ಅಂತಷ್ಟೇ ಹೇಳಬೇಡಿ. ಬಲಗಡೆ ಬಲ್ಬು ತಂದು ಹಾಕಿ ನೋಡಿದ್ದೇನೆ, ಹೋಲ್ಡರ್ ತಿಕ್ಕಿದ್ದೇನೆ, ಆದರೂ ಉರಿಯುತ್ತಿಲ್ಲ ಅನ್ನಿ. ಅಷ್ಟು ಕೇಳಿದರೆ ಅವರು ಫ್ಲ್ಯಾಶರಿನ ಕಡೆ ತಿರುಗದೆ ಟೆಸ್ಟ್ ಲ್ಯಾಂಪ್ ಹಿಡಿದು ನೇರ ಹೋಲ್ಡರಿಗೆ ಬರುವ ವೈರನ್ನೇ ಹುಡುಕುತ್ತಾರೆ. ಡಿಕ್ಕಿಯ ಪಕ್ಕದ ಹೊದಿಕೆಯ ಹಿಂದೆ ಹಾದು ಬರುವ ವೈರಿಂಗನ್ನೂ ಬಿಚ್ಚಿ ನೋಡಲು ಹೇಳಿ.